ಸಹಿ ಅಸಲಿಯಾದರೆ ಸಾಲದು: ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಮಂಡಳಿಗಳ ಪಿಟಿಷನ್ ಪರಿಶೀಲಿಸುವ ಬಗೆ

ಪಿಟಿಷನ್ ಮೇಲಿನ ಸಹಿಗಳನ್ನು ಪರಿಶೀಲಿಸುತ್ತಾರೆ ಅಂದ ಕೂಡಲೇ ಎಲ್ಲರೂ ಊಹಿಸುವುದು ಒಂದೇ. ಯಾರೋ ಕೈಬರಹ ತಜ್ಞರು ಕೂತು, ಅಕ್ಷರದ ತಿರುವು ನೋಡಿ, ಇದು ಅಸಲಿ, ಇದು ನಕಲಿ ಅಂತ ಬೇರೆ ಮಾಡುತ್ತಾರೆ ಅಂತ. ಆ ಕೆಲಸವೂ ನಡೆಯುತ್ತದೆ, ನಿಜ. ಆದರೆ ಅಲ್ಲಿ ಬಿದ್ದುಹೋಗುವ ಸಹಿಗಳು ಕಡಿಮೆ. ಜಾಸ್ತಿ ಸಹಿಗಳು ಬಿದ್ದುಹೋಗುವುದು ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ್ದಕ್ಕೆ, ವಿಳಾಸ ತಾಳೆಯಾಗದ್ದಕ್ಕೆ, ಒಬ್ಬರೇ ಎರಡು ಸಲ ಸಹಿ ಹಾಕಿದ್ದಕ್ಕೆ.

ಇದಕ್ಕೆ ಸ್ಪಷ್ಟವಾದ ಲೆಕ್ಕವೇ ಇದೆ. 2022ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಮುಖ್ಯ ಸರ್ಕಾರಿ ವಕೀಲ, ಜಾರ್ಜ್ ಗ್ಯಾಸ್ಕೋನ್ ಅವರನ್ನು ಅವಧಿಗೆ ಮುಂಚೆಯೇ ಕೆಳಗಿಳಿಸಲು ಚುನಾವಣೆ ನಡೆಸಿ ಅಂತ ಒಂದು ಪಿಟಿಷನ್ ಸಲ್ಲಿಕೆಯಾಯಿತು. ಬೇಕಿದ್ದದ್ದು 5,66,857 ಸಹಿ. ತಂದು ಸುರಿದದ್ದು 7,15,833. ಸುಮಾರು ಒಂದೂವರೆ ಲಕ್ಷ ಹೆಚ್ಚುವರಿ ಇದೆಯಲ್ಲ, ಸಾಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆಗಸ್ಟ್ 15ರಂದು ಕೌಂಟಿಯ ಚುನಾವಣಾ ಕಚೇರಿ ಫಲಿತಾಂಶ ಹೇಳಿತು: ಸರಿಯಾದ ಸಹಿಗಳು 5,20,050 ಮಾತ್ರ. ಉಳಿದ 1,95,783 ತಿರಸ್ಕೃತ. ಪಿಟಿಷನ್ ಅಲ್ಲಿಗೇ ನಿಂತಿತು.

ಆ 1,95,783ರ ಒಳಗೆ ಏನಿತ್ತು ನೋಡಿ. ಮತದಾರರಾಗಿ ನೋಂದಾಯಿಸಿಕೊಳ್ಳದೇ ಇದ್ದವರು 88,464. ಒಂದಕ್ಕಿಂತ ಹೆಚ್ಚು ಸಲ ಹಾಕಿದ ಸಹಿಗಳು 43,593. ಪಟ್ಟಿಯಲ್ಲಿರುವ ವಿಳಾಸವೇ ಬೇರೆ, ಹಾಳೆಯಲ್ಲಿ ಬರೆದದ್ದೇ ಬೇರೆ ಆಗಿದ್ದು 32,187. ನೋಂದಣಿ ರದ್ದಾಗಿದ್ದವರು 7,344. ಕೌಂಟಿಯ ಹೊರಗಿನವರು 5,374. ಸಹಿ ಹೋಲಿಕೆಯಾಗದೆ ಬಿದ್ದದ್ದು ಬರೀ 9,490. ತಿರಸ್ಕೃತವಾದ ನೂರರಲ್ಲಿ ಐದೂ ಇಲ್ಲ! ಉಳಿದದ್ದು ಇತರೆ ಕಾರಣಗಳು.

ಗ್ಯಾಸ್ಕೋನ್ ಅವರದು ಆಗ ಇಡೀ ಕೌಂಟಿಯ ಹುದ್ದೆ, ಮಂಡಳಿಯ ಸದಸ್ಯತ್ವ ಅಲ್ಲ. ಆದರೆ ಶಾಲಾ ಮಂಡಳಿಗೋ ನೀರಿನ ಮಂಡಳಿಗೋ ಸಂಬಂಧಪಟ್ಟ ಪಿಟಿಷನ್ ಬಂದರೂ ಸಹಿಗಳು ಹಾದುಹೋಗುವ ಜರಡಿ ಇದೇ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾವನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅಲ್ಲಿನ ನಿಯಮಗಳು ವಿವರವಾಗಿವೆ. ಜೊತೆಗೆ ಸನ್ನಿವೇಲ್, ಕುಪರ್ಟಿನೋ, ಫ್ರೀಮಾಂಟ್ ಕಡೆ ನೆಲೆಸಿ ಅಲ್ಲಿನ ಪೌರರಾದ ಕನ್ನಡಿಗರು ಸಾಕಷ್ಟಿದ್ದಾರೆ. ಇಂಥ ಹಾಳೆ ಅವರ ಮುಂದೂ ಬರುತ್ತದೆ. ಬೇರೆ ರಾಜ್ಯಗಳ ನಿಯಮ ಬೇರೆ ಇರುತ್ತದೆ.

ಮೊದಲು ಈ ಮಂಡಳಿಗಳು ಯಾವುವು ಅಂತ ನೋಡೋಣ. ಅಲ್ಲಿ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆಯ ಹಾಗೆ ಎಲ್ಲ ಇಲಾಖೆಗಳೂ ಒಂದೇ ಕಡೆ ಇರುವ ಆಡಳಿತ ಘಟಕ ಅಲ್ಲ. ಸಾಮಾನ್ಯವಾಗಿ ಒಂದು ಡಿಸ್ಟ್ರಿಕ್ಟ್ ಒಂದು ಕೆಲಸಕ್ಕೆ. ಶಾಲೆಗಳಿಗೆ ಒಂದು, ಕುಡಿಯುವ ನೀರಿಗೆ ಒಂದು, ಬೆಂಕಿ ಆರಿಸುವುದಕ್ಕೆ ಒಂದು, ಚರಂಡಿಗೆ ಒಂದು, ಸೊಳ್ಳೆ ನಿಯಂತ್ರಣಕ್ಕೂ ಒಂದು. ಇಂಥವು ರಾಜ್ಯದಲ್ಲಿ ಸಾವಿರಾರು ಇವೆ. ಹೆಚ್ಚಿನವಕ್ಕೆ ಜನರೇ ಆರಿಸಿದ ಮಂಡಳಿ ಇರುತ್ತದೆ. ತೆರಿಗೆ ಎತ್ತುವ, ಶಾಲೆ ಮುಚ್ಚುವ, ನೀರಿನ ದರ ಏರಿಸುವ ನಿರ್ಧಾರಗಳು ಈ ಮಂಡಳಿಗಳಲ್ಲೇ ಆಗುತ್ತವೆ.

ಮಂಡಳಿಯ ನಡೆ ಜನರಿಗೆ ಒಪ್ಪಿಗೆಯಾಗದಿದ್ದರೆ ಮುಂದಿನ ಚುನಾವಣೆಯವರೆಗೆ ಕಾಯಲೇಬೇಕು ಅಂತಿಲ್ಲ. ಸಹಿ ಕೂಡಿಸಿ ಸದಸ್ಯರನ್ನು ಕೆಳಗಿಳಿಸಲು ಚುನಾವಣೆ ಕೇಳಬಹುದು. ಇದನ್ನು ರೀಕಾಲ್ ಅನ್ನುತ್ತಾರೆ. ಕೆಲವು ಮಂಡಳಿಗಳ ಮುಂದೆ ಜನರೇ ಬರೆದ ನಿಯಮವೊಂದನ್ನು ಇಟ್ಟು, ನೀವೇ ಒಪ್ಪಿ, ಇಲ್ಲವಾದರೆ ಮತಕ್ಕೆ ಹಾಕಿ ಅನ್ನಬಹುದು. ಶಾಲಾ ಮಂಡಳಿಗಳ ವಿಚಾರದಲ್ಲಿ ಇನ್ನೊಂದು ದಾರಿ ಇದೆ. ಸದಸ್ಯರೊಬ್ಬರು ನಡುವೆ ರಾಜೀನಾಮೆ ಕೊಟ್ಟಾಗ ಉಳಿದವರು ಸೇರಿ ಆ ಜಾಗಕ್ಕೆ ಯಾರನ್ನೋ ನೇಮಿಸಿದರು ಅಂತಿಟ್ಟುಕೊಳ್ಳಿ. ಆ ನೇಮಕ ಬೇಡ, ಚುನಾವಣೆ ನಡೆಸಿ ಅಂತ ಕೇಳಲು ಮತದಾರರಿಗೆ 30 ದಿನ ಇರುತ್ತದೆ. ಸಾಮಾನ್ಯವಾಗಿ ಡಿಸ್ಟ್ರಿಕ್ಟಿನ ನೋಂದಾಯಿತ ಮತದಾರರಲ್ಲಿ ನೂರಕ್ಕೆ ಒಂದೂವರೆ ಪಾಲು ಸಹಿ ಸಾಕು. ಇಷ್ಟು ಕಡಿಮೆ ಸಹಿಗೆ ಇಷ್ಟು ದೊಡ್ಡ ಪರಿಣಾಮ ಇರುವುದರಿಂದ ಪರಿಶೀಲನೆಗೆ ಇಲ್ಲಿ ತೂಕ ಜಾಸ್ತಿ. ಸಹಿಗಳು ಸಾಕು ಅಂತ ತೀರ್ಮಾನವಾದರೆ ಆ ನೇಮಕ ರದ್ದಾಗುತ್ತದೆ. ಈ ಪಿಟಿಷನ್ನಿನ ಒಳಗೇ ವಿಶೇಷ ಚುನಾವಣೆಗೆ ಎಷ್ಟು ಖರ್ಚಾಗಬಹುದು ಅನ್ನುವ ಅಂದಾಜನ್ನೂ ಮುದ್ರಿಸಿರಬೇಕು. ಸಹಿ ಹಾಕುವವರಿಗೆ ಆ ಹೊರೆ ಗೊತ್ತಿರಲಿ ಅಂತ. ಇದು ನನಗೆ ತುಂಬ ಸರಿ ಅನ್ನಿಸುವ ನಿಯಮ. ಆ ದುಡ್ಡು ಕಡೆಗೆ ಶಾಲೆಗಳ ಖಜಾನೆಯಿಂದಲೇ ಹೋಗುವುದು, ಅಲ್ವಾ?

ರೀಕಾಲಿಗೆ ಎಷ್ಟು ಸಹಿ ಬೇಕು ಅನ್ನುವುದು ಮತದಾರರ ಸಂಖ್ಯೆಯ ಮೇಲೆ ನಿಂತಿದೆ. ಸಾವಿರಕ್ಕಿಂತ ಕಡಿಮೆ ಮತದಾರರಿರುವ ಪುಟ್ಟ ಡಿಸ್ಟ್ರಿಕ್ಟ್ ಆದರೆ ಶೇ 30. ಡಿಸ್ಟ್ರಿಕ್ಟ್ ದೊಡ್ಡದಾದಷ್ಟೂ ಪಾಲು ಇಳಿಯುತ್ತಾ ಹೋಗುತ್ತದೆ. ಒಂದು ಲಕ್ಷ ದಾಟಿದರೆ ಶೇ 10. ಸಹಿ ಕೂಡಿಸಲು ಸಿಗುವ ಸಮಯವೂ ಹಾಗೆಯೇ, 40 ದಿನದಿಂದ 160 ದಿನದವರೆಗೆ. ಸ್ಯಾನ್ ಫ್ರಾನ್ಸಿಸ್ಕೋ ಶಾಲಾ ಮಂಡಳಿಯ ಮೂವರು ಸದಸ್ಯರ ವಿರುದ್ಧ 2021ರಲ್ಲಿ ಪಿಟಿಷನ್ ಎದ್ದಾಗ ಒಬ್ಬೊಬ್ಬರಿಗೂ 51,325 ಸಹಿ ಬೇಕಿತ್ತು. ಮೂವರಿಗೂ ಸೇರಿ ಒಂದೇ ಪಿಟಿಷನ್ ಅಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ. ಹಾಗಾಗಿ ಒಬ್ಬ ಮತದಾರ ಮೂರು ಕಡೆ ಸಹಿ ಹಾಕಬೇಕಿತ್ತು. ಒಂದೊಂದರಲ್ಲೂ 80 ಸಾವಿರದ ಆಸುಪಾಸು ಸಹಿ ಬಂತು.

ಈಗ ಮುಖ್ಯ ಪ್ರಶ್ನೆ. ಪರಿಶೀಲಿಸುವವರು ಯಾರು? ಮಂಡಳಿಯವರಂತೂ ಅಲ್ಲ. ತಮ್ಮನ್ನೇ ಇಳಿಸಲು ಬಂದ ಸಹಿಗಳನ್ನು ತಾವೇ ಎಣಿಸುವುದು ಸರಿಯಾಗುವುದಿಲ್ಲ. ಸಾಮಾನ್ಯವಾಗಿ ಈ ಕೆಲಸ ಕೌಂಟಿಯ ಚುನಾವಣಾ ಕಚೇರಿಯದು. ಹೆಚ್ಚು ಕಡೆ ಇದಕ್ಕೆ ರಿಜಿಸ್ಟ್ರಾರ್ ಆಫ್ ವೋಟರ್ಸ್ ಅಂತ ಹೆಸರು. ಕೆಲವು ಪಿಟಿಷನ್‌ಗಳನ್ನು ಬೇರೆ ಅಧಿಕಾರಿಯ ಹತ್ತಿರ ಸಲ್ಲಿಸಬೇಕಾಗುತ್ತದೆ. ಶಾಲಾ ಮಂಡಳಿಯ ನೇಮಕದ ವಿರುದ್ಧದ ಪಿಟಿಷನ್ ಹೋಗುವುದು ಕೌಂಟಿಯ ಶಾಲಾ ಸೂಪರಿಂಟೆಂಡೆಂಟ್ ಕಚೇರಿಗೆ. ಪರಿಶೀಲನೆಗೆ ಅವರಿಗೆ 30 ದಿನ ಇರುತ್ತದೆ. ಆದರೆ ಮತದಾರರ ದಾಖಲೆ, ಅವರ ಸಹಿಯ ಚಿತ್ರ, ವಿಳಾಸ ಎಲ್ಲ ಇರುವುದು ಚುನಾವಣಾ ಕಚೇರಿಯ ಕಂಪ್ಯೂಟರಿನಲ್ಲಿ. ಅದನ್ನು ಬಿಟ್ಟು ತಾಳೆ ನೋಡುವುದು ಹೇಗೆ?

ನಮ್ಮಲ್ಲೂ ಇದರ ಸಣ್ಣ ರೂಪ ಇದೆ. ಕರ್ನಾಟಕದಲ್ಲಿ ಪಕ್ಷೇತರರಾಗಿ ವಿಧಾನಸಭೆಗೆ ನಿಲ್ಲಬೇಕಾದರೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ನಾಮಪತ್ರಕ್ಕೆ ಸಹಿ ಹಾಕಬೇಕು. ಚುನಾವಣಾಧಿಕಾರಿ ಅವರ ಹೆಸರು ಪಟ್ಟಿಯಲ್ಲಿದೆಯಾ ಅಂತ ನೋಡುತ್ತಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಗುಜರಾತಿನ ಸೂರತ್‌ನಲ್ಲಿ, ಸೂಚಕರೇ ಮುಂದೆ ಬಂದು ಈ ಸಹಿ ನಮ್ಮದಲ್ಲ ಅಂದದ್ದರಿಂದ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು. ಬೆರಳೆಣಿಕೆಯ ಸಹಿಗಳೇ ಇಷ್ಟು ಮಾಡಬಲ್ಲವು. ಇನ್ನು ಹತ್ತಾರು ಸಾವಿರ ಸಹಿಗಳ ಮಾತು ಬಂದರೆ ಒಬ್ಬ ಅಧಿಕಾರಿಯ ಕಣ್ಣು ಸಾಲದು. ಅದಕ್ಕೇ ಅಲ್ಲಿ ಒಂದು ಪದ್ಧತಿಯೇ ಬೆಳೆದಿದೆ.

ಹಾಳೆಗಳು ಕಚೇರಿಗೆ ಬಂದ ಮೇಲೆ ಮೊದಲು ಸುಮ್ನೆ ಎಣಿಕೆ. ಸರಿಯೋ ತಪ್ಪೋ ನೋಡುವುದಿಲ್ಲ, ಒಟ್ಟು ಎಷ್ಟಿವೆ ಅಷ್ಟೇ. ಬೇಕಾದಷ್ಟು ಸಂಖ್ಯೆಯೇ ಇಲ್ಲದಿದ್ದರೆ ಮುಂದೆ ನೋಡುವ ಪ್ರಶ್ನೆಯೇ ಬರುವುದಿಲ್ಲ. ಜೊತೆಗೆ ಹಾಳೆಯ ರೂಪವನ್ನೂ ನೋಡುತ್ತಾರೆ. ಕಾನೂನು ಹೇಳಿದ ಒಕ್ಕಣೆ ಇದೆಯಾ? ಸಹಿ ಸಂಗ್ರಹಿಸಿದವರ ಘೋಷಣೆ ಪೂರ್ತಿಯಾಗಿದೆಯಾ? ಸಂಗ್ರಹಿಸುವವರು ಅದೇ ಡಿಸ್ಟ್ರಿಕ್ಟಿನ ಮತದಾರರೇ ಆಗಿರಬೇಕಿಲ್ಲ, 18 ವರ್ಷ ತುಂಬಿದ್ದರೆ ಸಾಕು. ಆದರೆ ಈ ಸಹಿಗಳು ನನ್ನ ಕಣ್ಣೆದುರೇ ಬಿದ್ದವು, ಇಂಥ ದಿನದಿಂದ ಇಂಥ ದಿನದವರೆಗೆ ಸಂಗ್ರಹಿಸಿದೆ ಅಂತ ಬರೆದು ಅವರು ಸಹಿ ಹಾಕಿರಬೇಕು. ಆ ಒಂದು ಘೋಷಣೆಯಲ್ಲಿ ಲೋಪ ಇದ್ದರೆ ಅದಕ್ಕೆ ಸೇರಿದ ಸಹಿಗಳೆಲ್ಲ ಒಟ್ಟಿಗೆ ಬಿದ್ದುಹೋಗಬಹುದು. ನಿಜವಾದ ಮತದಾರರು, ನಿಜವಾದ ಸಹಿಗಳು, ಆದರೂ ಲೆಕ್ಕಕ್ಕಿಲ್ಲ.

ಆಮೇಲೆ ಸಾಲು ಸಾಲಾಗಿ ನೋಡುವುದು ಶುರು. ಸಿಬ್ಬಂದಿ ಹಾಳೆಯಲ್ಲಿರುವ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಸಿಕ್ಕಿತಾ? ಸಿಕ್ಕರೆ, ಸಹಿ ಹಾಕಿದ ದಿನ ಅವರು ನೋಂದಾಯಿತ ಮತದಾರರಾಗಿದ್ದರಾ? ಇಲ್ಲೊಂದು ಒಳ್ಳೆಯ ರಿಯಾಯಿತಿ ಇದೆ. ಪಿಟಿಷನ್‌ಗೆ ಸಹಿ ಹಾಕಿದ ದಿನವೇ, ಅಥವಾ ಅದಕ್ಕೂ ಮುಂಚೆ, ಮತದಾರರ ನೋಂದಣಿ ಫಾರ್ಮ್‌ಗೂ ಸಹಿ ಹಾಕಿದ್ದು, ಆ ಫಾರ್ಮ್ ಪಿಟಿಷನ್ ಸಲ್ಲಿಕೆಯಾಗುವ ಹೊತ್ತಿಗೆ ಕಚೇರಿ ತಲುಪಿದ್ದರೆ ಅವರನ್ನು ಮತದಾರರು ಅಂತಲೇ ಪರಿಗಣಿಸುತ್ತಾರೆ. ಅನುಭವ ಇರುವ ಸಂಗ್ರಾಹಕರು ಒಂದು ಕೈಯಲ್ಲಿ ಪಿಟಿಷನ್, ಇನ್ನೊಂದು ಕೈಯಲ್ಲಿ ನೋಂದಣಿ ಫಾರ್ಮ್ ಹಿಡಿದಿರುವುದು ಇದಕ್ಕೇ.

ಮುಂದಿನದು ವಿಳಾಸ. ಪರಿಶೀಲನೆಯ ಅತ್ಯಂತ ಕಠಿಣ ಭಾಗ ಇದು ಅಂತ ನನ್ನ ಅಭಿಪ್ರಾಯ. ಹಾಳೆಯಲ್ಲಿ ಬರೆದ ಮನೆ ವಿಳಾಸ ಮತ್ತು ನೋಂದಣಿಯಲ್ಲಿರುವ ಮನೆ ವಿಳಾಸ ಒಂದೇ ಆಗಿರಬೇಕು. ಬೇರೆಯಾಗಿದ್ದರೆ, ಇಲ್ಲವೇ ವಿಳಾಸವನ್ನೇ ಬರೆದಿಲ್ಲದಿದ್ದರೆ, ಆ ಸಹಿ ಅಮಾನ್ಯ. ನೀವು ಅದೇ ಬೀದಿಯಲ್ಲಿ ನಾಲ್ಕು ಮನೆ ಆಚೆಗೆ ಹೋಗಿದ್ದರೂ, ಡಿಸ್ಟ್ರಿಕ್ಟ್ ಬದಲಾಗದಿದ್ದರೂ, ನೋಂದಣಿಯಲ್ಲಿ ಹೊಸ ವಿಳಾಸ ಇಲ್ಲದಿದ್ದರೆ ಸಹಿ ಹೋಯಿತು. ಪೋಸ್ಟ್ ಬಾಕ್ಸ್ ನಂಬರ್ ಮಾತ್ರ ಕೊಟ್ಟರೆ ಅದು ಮನೆ ವಿಳಾಸ ಅಲ್ಲ. ಹೆಸರು, ವಿಳಾಸವನ್ನು ಸಹಿ ಹಾಕುವವರು ತಮ್ಮ ಕೈಯಿಂದಲೇ ಬರೆಯಬೇಕು. ಸಂಗ್ರಾಹಕರು ಸಹಾಯ ಮಾಡೋಣ ಅಂತ ಒಳ್ಳೆಯ ಮನಸ್ಸಿನಿಂದಲೇ ಬರೆದುಕೊಟ್ಟರೂ ತೊಂದರೆ. ಬರೆಯಲು ಆಗದವರಿಗೆ ಮಾತ್ರ ಇನ್ನೊಬ್ಬರು ಬರೆದುಕೊಡಬಹುದು. ಆಗಲೂ ಸಹಿಯನ್ನೋ ಗುರುತನ್ನೋ ಮತದಾರರೇ ಹಾಕಬೇಕು, ಒಬ್ಬರು ಸಾಕ್ಷಿ ಬೇಕು.

ವಿಳಾಸ ತಾಳೆಯಾದರೂ ಕೆಲಸ ಮುಗಿಯಲಿಲ್ಲ. ಆ ವಿಳಾಸ ಈ ಡಿಸ್ಟ್ರಿಕ್ಟಿನ ಒಳಗಿದೆಯಾ? ಇಲ್ಲಿ ಬುದ್ಧಿವಂತರೂ ಎಡವುತ್ತಾರೆ. ಡಿಸ್ಟ್ರಿಕ್ಟಿನ ಗಡಿ ಊರಿನ ಗಡಿಯನ್ನೇ ಅನುಸರಿಸಬೇಕು ಅಂತಿಲ್ಲ. ಕುಪರ್ಟಿನೋ ಯೂನಿಯನ್ ಸ್ಕೂಲ್ ಡಿಸ್ಟ್ರಿಕ್ಟಿನ ಒಳಗೆ ಕುಪರ್ಟಿನೋ ಮಾತ್ರ ಅಲ್ಲ, ಸ್ಯಾನ್ ಹೋಸೆ, ಸನ್ನಿವೇಲ್, ಸಾರಟೋಗಾ ನಗರಗಳ ಭಾಗಗಳೂ ಇವೆ. ಅಂದರೆ ವಿಳಾಸದಲ್ಲಿ ಸ್ಯಾನ್ ಹೋಸೆ ಅಂತಿರುವ ಒಬ್ಬರ ಸಹಿ ಸರಿ, ಅದೇ ಸ್ಯಾನ್ ಹೋಸೆಯ ಬೇರೆ ಬಡಾವಣೆಯ ಇನ್ನೊಬ್ಬರದು ತಪ್ಪು. ಇದಕ್ಕಿಂತ ಗೊಂದಲದ್ದು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಹೆಸರು ಕೇಳಿದರೆ ಫ್ರೀಮಾಂಟ್ ನಗರದ್ದು ಅನ್ನಿಸುತ್ತದೆ. ಆದರೆ ಅದು ಇರುವುದು ಸಾಂತಾ ಕ್ಲಾರಾ ಕೌಂಟಿಯಲ್ಲಿ, ಸನ್ನಿವೇಲ್ ಮತ್ತು ಕುಪರ್ಟಿನೋ ಸುತ್ತ. ಫ್ರೀಮಾಂಟ್ ನಗರ ಇರುವುದು ಅಲಮೀಡಾ ಕೌಂಟಿಯಲ್ಲಿ, ಅಲ್ಲಿಯ ಶಾಲೆಗಳಿಗೆ ಫ್ರೀಮಾಂಟ್ ಯೂನಿಫೈಡ್ ಅನ್ನುವ ಬೇರೆಯೇ ಡಿಸ್ಟ್ರಿಕ್ಟ್ ಇದೆ. ಫ್ರೀಮಾಂಟ್ ನಗರದವರು ನಮ್ಮೂರಿನ ಶಾಲೆ ಅಂದುಕೊಂಡು ಫ್ರೀಮಾಂಟ್ ಯೂನಿಯನ್ ಪಿಟಿಷನ್‌ಗೆ ಸಹಿ ಹಾಕಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಇನ್ನೂ ಒಂದು ಪದರ ಇದೆ. ಈಚಿನ ವರ್ಷಗಳಲ್ಲಿ ಹಲವು ಮಂಡಳಿಗಳು ಡಿಸ್ಟ್ರಿಕ್ಟನ್ನು ಸಣ್ಣ ಕ್ಷೇತ್ರಗಳಾಗಿ ಒಡೆದು, ಒಂದೊಂದು ಕ್ಷೇತ್ರದಿಂದ ಒಬ್ಬೊಬ್ಬ ಸದಸ್ಯರನ್ನು ಆರಿಸುತ್ತಿವೆ, ನಮ್ಮ ವಾರ್ಡುಗಳ ಹಾಗೆ. ಅಂಥ ಸದಸ್ಯರನ್ನು ಕೆಳಗಿಳಿಸುವ ಪಿಟಿಷನ್‌ಗೆ ಆ ಕ್ಷೇತ್ರದ ಮತದಾರರ ಸಹಿ ಮಾತ್ರ ನಡೆಯುತ್ತದೆ. ಪಕ್ಕದ ಕ್ಷೇತ್ರದವರಿಗೆ ಆ ಸದಸ್ಯರ ಮೇಲೆ ಎಷ್ಟೇ ಸಿಟ್ಟಿರಲಿ. ನೋಂದಣಿ ದಾಖಲೆಯಲ್ಲಿ ಪ್ರತಿ ವಿಳಾಸವೂ ಯಾವ ಯಾವ ಡಿಸ್ಟ್ರಿಕ್ಟಿಗೆ, ಯಾವ ಕ್ಷೇತ್ರಕ್ಕೆ ಸೇರಿದೆ ಅಂತ ಮೊದಲೇ ಗುರುತಾಗಿರುವುದರಿಂದ ಕಚೇರಿಗೆ ಇದು ಒಂದು ಕ್ಲಿಕ್ಕಿನ ಕೆಲಸ. ಬೀದಿಯಲ್ಲಿ ಹಾಳೆ ಹಿಡಿದು ನಿಂತವರಿಗೆ ಹಾಗಲ್ಲ.

ಇಷ್ಟೆಲ್ಲ ದಾಟಿದ ಮೇಲೆ ಕಡೆಗೆ ಬರುವುದು ಸಹಿಯ ಹೋಲಿಕೆ. ಪರದೆಯ ಮೇಲೆ ದಾಖಲೆಯಲ್ಲಿರುವ ಸಹಿ, ಮೇಜಿನ ಮೇಲೆ ಹಾಳೆಯ ಸಹಿ. ರಾಜ್ಯದ ನಿಯಮ ಇಲ್ಲಿ ಮತದಾರರ ಕಡೆಗೇ ವಾಲಿದೆ. ಇದು ಆ ಮತದಾರರದೇ ಸಹಿ ಅನ್ನುವ ನಂಬಿಕೆಯಿಂದಲೇ ಶುರು ಮಾಡಬೇಕು. ಅಚ್ಚು ಹೊಡೆದ ಹಾಗೆ ಒಂದೇ ಥರ ಇರಬೇಕಿಲ್ಲ. ಅಕ್ಷರದ ಓರೆ, ರಚನೆ, ಬರೆದ ವೇಗ, ಗೆರೆ ಸಾಗುವ ದಿಕ್ಕು ಇವುಗಳಲ್ಲಿ ಸಾಮ್ಯ ಇದ್ದರೆ ಸಾಕು. ವ್ಯತ್ಯಾಸ ಕಂಡರೂ ಅದಕ್ಕೆ ಕಾರಣ ಇರಬಹುದಾ ಅಂತ ಯೋಚಿಸಬೇಕು. ವಯಸ್ಸಾಗಿ ಕೈ ನಡುಗುತ್ತಿರಬಹುದು. ಗಡಿಬಿಡಿಯಲ್ಲಿ ಹಾಕಿರಬಹುದು. ಅಂಗಡಿಯ ಮುಂದೆ ನಿಂತು, ಅಲುಗಾಡುವ ಹಲಗೆಯ ಮೇಲೆ ಹಾಕಿದ ಸಹಿ, ಮನೆಯಲ್ಲಿ ಮೇಜಿನ ಮೇಲೆ ಹಾಕಿದ್ದರ ಥರ ಇರುತ್ತದಾ? ಇಲ್ಲ. ಸಹಿ ಹೋಲಿಕೆಯಾಗದೆ ಬೀಳುವುದು ಇಷ್ಟು ಕಡಿಮೆ ಇರುವುದಕ್ಕೆ ಈ ಉದಾರತೆಯೂ ಒಂದು ಕಾರಣ ಇರಬೇಕು.

ನಮ್ಮವರಿಗೆ ಉಪಯೋಗವಾಗುವ ಒಂದು ಸಾಲು ಈ ಕಾನೂನಿನಲ್ಲಿದೆ. ಮೊದಲ ಹೆಸರು, ನಡುವಿನ ಹೆಸರಿನ ಬದಲು ಇನಿಷಿಯಲ್ ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ಸಹಿಯನ್ನು ತಳ್ಳಿಹಾಕುವ ಹಾಗಿಲ್ಲ. ಕರ್ನಾಟಕದಲ್ಲಿ ಓದಿ ಬೆಳೆದವರ ಸಹಿಯಲ್ಲಿ ಊರಿನದು, ಅಪ್ಪನದು ಅಂತ ಒಂದೆರಡು ಇನಿಷಿಯಲ್ ಇದ್ದೇ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಹಿಗ್ಗಿ ಉದ್ದದ ಹೆಸರಾಗುತ್ತದೆ. ಸಹಿ ಒಂದು ಥರ, ದಾಖಲೆಯ ಹೆಸರು ಇನ್ನೊಂದು ಥರ. ಹಾಗಂತ ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ. ಹೋಲಿಕೆ ನಡೆಯುವುದು ನೋಂದಣಿಯ ದಾಖಲೆಯಲ್ಲಿರುವ ಸಹಿಯ ಜೊತೆ. ನೋಂದಣಿಯಲ್ಲಿ ಕನ್ನಡದಲ್ಲಿ ಸಹಿ ಹಾಕಿ, ಪಿಟಿಷನ್ ಮೇಲೆ ಇಂಗ್ಲಿಷಿನಲ್ಲಿ ಹಾಕಿದರೆ ಪಾಪ, ಆ ಸಿಬ್ಬಂದಿ ಏನು ಸಾಮ್ಯ ಹುಡುಕಬೇಕು? ಕನ್ನಡದಲ್ಲೇ ಹಾಕಿ, ತೊಂದರೆ ಇಲ್ಲ. ಆದರೆ ಎರಡೂ ಕಡೆ ಅದನ್ನೇ ಹಾಕಿ, ಹಾಳೆಯಲ್ಲಿ ಹೆಸರನ್ನು ನೋಂದಣಿಯಲ್ಲಿರುವ ಹಾಗೇ ಬಿಡಿಸಿ ಬರೆಯಿರಿ. ಗ್ರೀನ್ ಕಾರ್ಡ್ ಅಥವಾ ಕೆಲಸದ ವೀಸಾದಲ್ಲಿರುವವರು ಸಂಗ್ರಾಹಕರ ಒತ್ತಾಯಕ್ಕೆ ಸಹಿ ಹಾಕಲೇಬಾರದು. ನೋಂದಾಯಿತ ಮತದಾರರು ಮಾತ್ರ ಸಹಿ ಹಾಕಬೇಕಾದ ಹಾಳೆ ಅದು. ದಾಕ್ಷಿಣ್ಯಕ್ಕೆ ಹಾಕಿದ ಸಹಿಯಿಂದ ಪಿಟಿಷನ್‌ಗೂ ಲಾಭ ಇಲ್ಲ, ಹಾಕಿದವರಿಗೂ ಇಲ್ಲ.

ಈಗ ಲೆಕ್ಕದ ಭಾಗಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಪಿಟಿಷನ್‌ಗಳ ಹಣೆಬರಹ ತೀರ್ಮಾನವಾಗುವುದು ಇಲ್ಲೇ.

ಸಹಿಗಳು 500ಕ್ಕಿಂತ ಜಾಸ್ತಿ ಇದ್ದರೆ ಎಲ್ಲವನ್ನೂ ನೋಡಲೇಬೇಕು ಅಂತಿಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ನಾಲ್ಕು ಅಗುಳು ಹಿಚುಕಿ ನೋಡುತ್ತೇವಲ್ಲ, ಹಾಗೆ ಒಂದಿಷ್ಟನ್ನು ಆರಿಸಿ ನೋಡಬಹುದು. ಆರಿಸುವುದು ಮನಸ್ಸಿಗೆ ಬಂದ ಹಾಗಲ್ಲ. ಯಾವ ಸಹಿಗೂ ಇನ್ನೊಂದಕ್ಕಿಂತ ಹೆಚ್ಚಿನ ಅವಕಾಶ ಇಲ್ಲದ ಹಾಗೆ ಕಂಪ್ಯೂಟರ್ ಸಾಲಿನ ಸಂಖ್ಯೆಗಳನ್ನು ಎತ್ತಿಕೊಡುತ್ತದೆ. ಜನರೇ ಬರೆದ ನಿಯಮದ ಪಿಟಿಷನ್ ಆದರೆ 500 ಸಹಿ ಅಥವಾ ಒಟ್ಟು ಸಹಿಗಳ ಶೇ 3, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಸ್ಥಳೀಯ ರೀಕಾಲ್ ಆದರೆ 500 ಅಥವಾ ಶೇ 5.

ಸ್ಯಾಂಪಲ್ಲಿನಿಂದ ಒಟ್ಟು ಸರಿಯಾದ ಸಹಿಗಳು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತಾರೆ. ಆ ಅಂದಾಜು ಬೇಕಾದ ಸಂಖ್ಯೆಯ ಶೇ 110 ದಾಟಿದರೆ ಪಿಟಿಷನ್ ಪಾಸು. ಶೇ 95ಕ್ಕಿಂತ ಕೆಳಗಿದ್ದರೆ ಫೇಲು, ರೀಕಾಲಿನಲ್ಲಿ ಈ ಗಡಿ ಶೇ 90. ನಡುವೆ ಬಿದ್ದರೆ ಸ್ಯಾಂಪಲ್ಲನ್ನು ನಂಬುವುದಿಲ್ಲ, ಒಂದೊಂದು ಸಹಿಯನ್ನೂ ನೋಡಬೇಕು. ಲಾಸ್ ಏಂಜಲೀಸಿನಲ್ಲಿ ಆದದ್ದು ಅದೇ. ಸ್ಯಾಂಪಲ್ಲಿನಲ್ಲಿ ಇತ್ಯರ್ಥವಾಗದೆ ಏಳು ಲಕ್ಷ ಚಿಲ್ಲರೆ ಸಹಿಗಳನ್ನೂ ನೋಡಬೇಕಾಯಿತು.

ಜನರೇ ಬರೆದ ನಿಯಮದ ಪಿಟಿಷನ್ ಒಂದನ್ನು ಉದಾಹರಣೆಗೆ ಹಿಡಿಯೋಣ. ಬೇಕಾದ ಸಹಿ 7,000. ಸಲ್ಲಿಸಿದ್ದು 10,000. ಸ್ಯಾಂಪಲ್ 500. ಅಂದರೆ ಸ್ಯಾಂಪಲ್ಲಿನ ಒಂದೊಂದು ಸಹಿಯೂ 20 ಸಹಿಗಳ ಪ್ರತಿನಿಧಿ. 500ರಲ್ಲಿ 400 ಸರಿ ಬಂತು. 400ನ್ನು 20ರಿಂದ ಗುಣಿಸಿದರೆ 8,000. ಇದು 7,000ದ ಶೇ 114. ಪಾಸು.

ಆದರೆ ಆ 500ರಲ್ಲಿ ಇಬ್ಬರು ಮತದಾರರು ಎರಡೆರಡು ಸಲ ಸಹಿ ಹಾಕಿದ್ದು ಕಣ್ಣಿಗೆ ಬಿತ್ತು ಅಂತಿಟ್ಟುಕೊಳ್ಳಿ. ಅವರ ಒಂದೊಂದು ಸಹಿ ಸರಿ, ಅದು 400ರಲ್ಲೇ ಸೇರಿದೆ. ಇನ್ನೊಂದೊಂದು ತಪ್ಪು. ಎರಡು ಸಹಿ ತಾನೇ, ಹೆಚ್ಚೆಂದರೆ 40 ಕಳೆಯಬೇಕು ಅನ್ನಿಸುತ್ತದೆ. ಹಾಗಲ್ಲ. ಒಂದೊಂದು ಡುಪ್ಲಿಕೇಟಿಗೆ ಕಳೆಯುವುದು 380. ಎರಡಕ್ಕೆ 760. ಅಂದಾಜು 8,000ದಿಂದ 7,240ಕ್ಕೆ ಇಳಿಯಿತು. ಅದು ಶೇ 103. ಈಗ ಪಾಸಿಲ್ಲ, ಪೂರ್ತಿ ಎಣಿಕೆ. ಅಂಥ ಡುಪ್ಲಿಕೇಟ್ ನಾಲ್ಕು ಸಿಕ್ಕಿದ್ದರೆ 1,520 ಕಳೆದು 6,480. ಶೇ 93ಕ್ಕೂ ಕಡಿಮೆ. ಪಿಟಿಷನ್ ಅಲ್ಲೇ ಸತ್ತಿತು, ಪೂರ್ತಿ ಎಣಿಕೆಯೂ ಇಲ್ಲ.

ನಾಲ್ಕು ಸಹಿಗೆ ಒಂದೂವರೆ ಸಾವಿರ ಕಳೆಯುವುದು ಅನ್ಯಾಯ ಅಂತ ಮೊದಲ ಸಲ ಕೇಳಿದವರಿಗೆಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಪ್ರಾಮಾಣಿಕವಾದದ್ದು. ಯೋಚಿಸಿ: ಹತ್ತು ಸಾವಿರ ಸಹಿಗಳಲ್ಲಿ ಒಬ್ಬರ ಎರಡು ಸಹಿ ಎಲ್ಲೋ ಎರಡು ಕಡೆ ಕೂತಿವೆ. ಮೊದಲನೆಯದು ಸ್ಯಾಂಪಲ್ಲಿಗೆ ಬರುವ ಸಾಧ್ಯತೆ 20ರಲ್ಲಿ ಒಂದು. ಎರಡನೆಯದೂ ಬರುವ ಸಾಧ್ಯತೆ ಮತ್ತೆ 20ರಲ್ಲಿ ಒಂದು. ಎರಡೂ ಒಟ್ಟಿಗೆ ಬಂದು ಸಿಕ್ಕಿಬೀಳುವ ಸಾಧ್ಯತೆ ಹತ್ತಿರ ಹತ್ತಿರ 400ರಲ್ಲಿ ಒಂದು. ಹಾಗಾದರೆ ಒಂದು ಜೋಡಿ ಸಿಕ್ಕಿದೆ ಅಂದರೆ ಒಟ್ಟು ರಾಶಿಯಲ್ಲಿ ಅಂಥ 400 ಜೋಡಿ ಇರಬಹುದು. ಅದರಲ್ಲಿ 20ನ್ನು ಮೊದಲೇ ತಪ್ಪು ಸಹಿ ಅಂತ ಬಿಟ್ಟಾಗಿದೆ. ಉಳಿದದ್ದು 380. ಹೆಸರು ಪಟ್ಟಿಯಲ್ಲಿಲ್ಲ ಅನ್ನುವ ತಪ್ಪು ಒಂದೇ ಸಹಿ ನೋಡಿದರೆ ಗೊತ್ತಾಗುತ್ತದೆ. ಡುಪ್ಲಿಕೇಟ್ ಗೊತ್ತಾಗಬೇಕಾದರೆ ಎರಡೂ ಕೈಗೆ ಸಿಗಬೇಕು. ಸ್ಯಾಂಪಲ್ಲಿನ ಕಣ್ಣಿಗೆ ಅದು ಬೀಳುವುದೇ ಅಪರೂಪ. ಅದಕ್ಕೇ ಬಿದ್ದಾಗ ಅಷ್ಟು ಭಾರ.

ಹಾಗಂತ ನನಗೆ ಪೂರ್ತಿ ಸಮಾಧಾನ ಇಲ್ಲ. ಚಿಕ್ಕ ಡಿಸ್ಟ್ರಿಕ್ಟುಗಳಲ್ಲಿ, ಚಿಕ್ಕ ಸ್ಯಾಂಪಲ್ಲಿನಲ್ಲಿ, ಅದೃಷ್ಟಕ್ಕೆ ಒಂದೆರಡು ಜೋಡಿ ಹೆಚ್ಚು ಸಿಕ್ಕಿಬಿಟ್ಟರೆ ಸರಾಸರಿ ಲೆಕ್ಕದ ನ್ಯಾಯ ಆ ಪಿಟಿಷನ್‌ನ ಜನರಿಗೆ ಸಿಗುವುದಿಲ್ಲ. ಹತ್ತು ಸಾವಿರದೊಳಗಿನ ರಾಶಿಯನ್ನು ನೇರವಾಗಿ ಪೂರ್ತಿ ಎಣಿಸಿಬಿಡುವುದೇ ಮೇಲು. ಕಾನೂನು ಅದನ್ನು ತಡೆಯುವುದಿಲ್ಲ, ಸ್ಯಾಂಪಲ್ ಒಂದು ಆಯ್ಕೆ ಅಷ್ಟೇ. ಖರ್ಚು, ಸಿಬ್ಬಂದಿಯ ಕೊರತೆ ಇದ್ದೇ ಇರುತ್ತದೆ. ಆದರೂ ಜನರ ಮನವಿಯೊಂದು ಸಂಭಾವ್ಯತೆಯ ಲೆಕ್ಕದಲ್ಲಿ ಕಳೆದುಹೋಗುವುದಕ್ಕಿಂತ ಆ ಖರ್ಚು ವಾಸಿ.

ಇದನ್ನು ಅರಿತ ಸಂಘಟಕರು ಮೊದಲೇ ಎಚ್ಚರ ವಹಿಸುತ್ತಾರೆ. ಚುನಾವಣಾ ಕಚೇರಿಯಿಂದ ಮತದಾರರ ಪಟ್ಟಿ ಪಡೆದು, ತಾವೇ ಪ್ರತಿ ಸಾಲನ್ನೂ ತಾಳೆ ನೋಡಿ, ತಪ್ಪಿರುವ ಸಾಲುಗಳನ್ನು ಸಲ್ಲಿಸುವ ಮುಂಚೆಯೇ ಹೊಡೆದುಹಾಕುತ್ತಾರೆ. ಸ್ವಯಂಸೇವಕರು ವಾರಗಟ್ಟಲೆ ಕೂತು ಮಾಡುವ ಕೆಲಸ ಇದು. ಬೇಸರದ್ದು, ಆದರೆ ಇದನ್ನು ಬಿಟ್ಟರೆ ಬೀದಿಯಲ್ಲಿ ನಿಂತು ಪಟ್ಟ ಶ್ರಮವೆಲ್ಲ ನೀರಲ್ಲಿ ಹೋದ ಹಾಗೆ. ಲಾಸ್ ಏಂಜಲೀಸಿನ ಪಿಟಿಷನ್ ಗೆಲ್ಲಬೇಕಿದ್ದರೆ ನೂರಕ್ಕೆ 79 ಸಹಿಗಳಾದರೂ ಸರಿ ಇರಬೇಕಿತ್ತು. ಸರಿ ಇದ್ದದ್ದು 73ರ ಹತ್ತಿರ. ಸ್ಯಾನ್ ಫ್ರಾನ್ಸಿಸ್ಕೋದ ಶಾಲಾ ಪಿಟಿಷನ್‌ಗಳಿಗೆ ನೂರಕ್ಕೆ 65ರ ಆಸುಪಾಸು ಸರಿ ಇದ್ದರೂ ಸಾಕಿತ್ತು. ಅಷ್ಟು ಹೆಚ್ಚುವರಿ ಕೂಡಿಸಿಟ್ಟುಕೊಂಡಿದ್ದರು.

ಇನ್ನೊಂದು ವ್ಯತ್ಯಾಸವನ್ನು ಹೇಳಲೇಬೇಕು. ಅಂಚೆಯಲ್ಲಿ ಕಳಿಸಿದ ಮತಪತ್ರದ ಲಕೋಟೆ ಮೇಲಿನ ಸಹಿ ತಾಳೆಯಾಗದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಕಚೇರಿಯವರು ಮತದಾರರಿಗೆ ತಿಳಿಸಿ, ಸರಿಪಡಿಸಲು ಅವಕಾಶ ಕೊಡಬೇಕು. ಪಿಟಿಷನ್‌ಗೆ ಅಂಥ ಅವಕಾಶ ಇಲ್ಲ. ನಿಮ್ಮ ಸಹಿ ಬಿದ್ದುಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಮನಸ್ಸು ಬದಲಾಯಿಸಿ ಸಹಿ ವಾಪಸ್ ಪಡೆಯಬೇಕೆಂದರೆ ಮಾತ್ರ ದಾರಿ ಇದೆ. ಪಿಟಿಷನ್ ಸಲ್ಲಿಕೆಯಾಗುವ ಮುಂಚೆ ಚುನಾವಣಾಧಿಕಾರಿಗೆ ಬರೆದುಕೊಟ್ಟರೆ ಸಹಿಯನ್ನು ತೆಗೆಯುತ್ತಾರೆ. ಇನ್ನೊಬ್ಬರ ಹೆಸರಿನಲ್ಲಿ ಸಹಿ ಹಾಕುವುದಂತೂ ಅಪರಾಧ. ಹೆಂಡತಿಯ ಪರವಾಗಿ ಗಂಡ ಹಾಕಿದರೂ ಅಷ್ಟೇ.

ಈ ಹಾಳೆಗಳನ್ನು ಯಾರು ಬೇಕಾದರೂ ನೋಡಬಹುದಾ? ಇಲ್ಲ. ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಲ್ಲೂ ಪಿಟಿಷನ್ ಸಾರ್ವಜನಿಕ ದಾಖಲೆ ಅಲ್ಲ. ಇದು ತುಂಬ ಮುಖ್ಯ. ಮಂಡಳಿಯ ಸದಸ್ಯರ ವಿರುದ್ಧ ಸಹಿ ಹಾಕಿದ ಶಿಕ್ಷಕರ ಹೆಸರು ಆ ಸದಸ್ಯರ ಕೈಗೇ ಸಿಕ್ಕರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಪಿಟಿಷನ್ ಸಾಲದು ಅಂತ ತೀರ್ಮಾನವಾದಾಗ ಮಾತ್ರ, ಅದನ್ನು ಮುಂದಿಟ್ಟವರು 21 ದಿನಗಳೊಳಗೆ ಯಾವ ಸಹಿ ಏಕೆ ಬಿತ್ತು ಅಂತ ನೋಡಲು ಕೇಳಬಹುದು.

ಸಹಿಗಳು ಸಾಕಷ್ಟಿವೆ ಅಂತಾದರೆ ಚುನಾವಣಾಧಿಕಾರಿ ಪ್ರಮಾಣಪತ್ರ ಕೊಡುತ್ತಾರೆ. ಅದು ಮಂಡಳಿಯ ಮುಂದಿನ ಸಭೆಗೆ ಬರುತ್ತದೆ. ಯಾರನ್ನು ಇಳಿಸಲು ಸಹಿ ಬಿದ್ದಿದೆಯೋ ಅವರು ಕೂತಿರುವ ಮಂಡಳಿಯೇ ಆ ಚುನಾವಣೆಗೆ ಆದೇಶ ಹೊರಡಿಸಬೇಕು. ಆ ಸಭೆಯಾದ 14 ದಿನದೊಳಗೆ. ಎಳೆದಾಡಿ ಸುಮ್ಮನೆ ಕೂತರೆ ಉಪಯೋಗ ಇಲ್ಲ, ಮುಂದಿನ 5 ದಿನದಲ್ಲಿ ಕೌಂಟಿಯ ಚುನಾವಣಾಧಿಕಾರಿಯೇ ದಿನಾಂಕ ಗೊತ್ತುಮಾಡುತ್ತಾರೆ. ಆದೇಶವಾದ 88 ದಿನದ ಮೇಲೆ, 125 ದಿನದ ಒಳಗೆ ಚುನಾವಣೆ ನಡೆಯುವುದು ವಾಡಿಕೆ. ಸ್ಯಾನ್ ಫ್ರಾನ್ಸಿಸ್ಕೋದ ಮೂರೂ ಪಿಟಿಷನ್‌ಗಳು 2021ರ ಅಕ್ಟೋಬರಿನಲ್ಲಿ ಪರಿಶೀಲನೆ ದಾಟಿದವು. 2022ರ ಫೆಬ್ರವರಿ 15ರಂದು ಮತದಾನ ನಡೆಯಿತು, ಮೂವರೂ ಸದಸ್ಯರು ಸ್ಥಾನ ಕಳೆದುಕೊಂಡರು.